ತೊಟ್ಟು ನೋಡಿದ ಮನೆ

ನನ್ನ ನೆನಪಿಗೆ ತುಕ್ಕು ಹಿಡಿದಿದೆ ಎಂದು ಗ್ರೂಪಿನಲ್ಲಿ ಬರೆದವರು ಯಾರು ಅಂತ ನನಗೆ ಗೊತ್ತು. ಬರೆದ ಮೇಲೆ ಅಳಿಸಿದರೆ ಮುದುಕನಿಗೆ ಕಾಣುವುದಿಲ್ಲ ಅಂದುಕೊಂಡಿರಾ? ನಿನ್ನೆ ಏನು ತಿಂದೆ ಎಂದು ಕೇಳಿದರೆ ನನಗೆ ಗೊತ್ತಿಲ್ಲ, ಒಪ್ಪಿದೆ. ಆದರೆ ಟೇಪಕ್ಕ ಆ ಮುರುಕಲು ಮನೆ ನೋಡಲು ಹೋದ ದಿನ ಯಾರು ಯಾವ ಮೆಟ್ಟಿಲ ಮೇಲೆ ನಿಂತಿದ್ದರು ಎಂದು ಕೇಳಿ, ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಅವಳ ಬಾಯಿಂದ ಒಂದು ಸಲ, ಅವಳ ಅತ್ತೆಯ ಬಾಯಿಂದ ನಾಲ್ಕು ಸಲ ಕೇಳಿದ್ದೇನೆ. ಎರಡೂ ತಾಳೆಯಾಗುತ್ತವೆ. ಅತ್ತೆ ಸೊಸೆ ಒಂದೇ ಮಾತು ಹೇಳಿದರೆಂದರೆ ಅದಕ್ಕಿಂತ ದೊಡ್ಡ ಸಾಕ್ಷಿ ಯಾವ ಕೋರ್ಟಿನಲ್ಲಿದೆ? ಸುಮ್ಮನೆ ಕೇಳಿ.

ಟೇಪಕ್ಕ ದರ್ಜಿ. ಕೊರಳಲ್ಲಿ ಯಾವಾಗಲೂ ಅಳತೆಯ ಟೇಪು, ಅದಕ್ಕೇ ಆ ಹೆಸರು. ಬಾಡಿಗೆಗಿದ್ದ ಎರಡು ಕೋಣೆಯಲ್ಲಿ ಒಂದನ್ನು ಅವಳ ಎಂಟು ಅಡಿ ಉದ್ದದ ಕತ್ತರಿಸುವ ಮೇಜೇ ನುಂಗಿಬಿಟ್ಟಿತ್ತು. ಅದರ ಮೇಲೇ ಕತ್ತರಿ, ಅದರ ಮೇಲೇ ಊಟ. ಅವಳ ಗಂಡ ಬಸ್ ಡ್ರೈವರ್, ಒಂದು ದಿನ ಅನ್ನದ ಜೊತೆ ಅಂಗಿಗುಂಡಿಯನ್ನೂ ಅಗಿದು ಹಲ್ಲು ಮುರಿದುಕೊಂಡ. ಬಂದ ಕೆಲಸದಲ್ಲಿ ಅರ್ಧವನ್ನು ಜಾಗವಿಲ್ಲವೆಂದು ವಾಪಸ್ ಕಳಿಸುವುದು ಅವಳಿಗೆ ಹೊಟ್ಟೆಯುರಿ. ಇನ್ನೊಂದು ವರ್ಷ ಹೀಗೇ ನಡೆದರೆ ಗಿರಾಕಿಗಳೆಲ್ಲ ಬೇರೆ ಬಾಗಿಲು ನೋಡಿಕೊಳ್ಳುತ್ತಾರೆ, ಆಮೇಲೆ ಮೇಜಿದ್ದು ಏನು ಪ್ರಯೋಜನ? ಅವಳಿಗೆ ಮನೆ ಬೇಕಿತ್ತು. ಅವಳ ಕೈಗೆ ಎಟುಕುವ ಮನೆ ಇಡೀ ಪೇಟೆಗೆ ಇದೊಂದೇ ಇತ್ತು.

ಇದೊಂದು ಎಂದರೆ, ಎರಡು ದಪ್ಪ ಮನೆಗಳ ನಡುವೆ, ಬಸ್ಸಿನ ಮೂರು ಜನರ ಸೀಟಿನಲ್ಲಿ ಸಿಕ್ಕಿಬಿದ್ದ ಬಡಕಲನ ಹಾಗೆ ಹೆಗಲು ಮುದುರಿ ನಿಂತ ಮನೆ. ಅಗಲ ಹದಿನಾಲ್ಕು ಅಡಿ, ಎತ್ತರ ಮೂರು ಅಂತಸ್ತು. ಬೀಗ ಬಿದ್ದು ಹನ್ನೊಂದು ವರ್ಷ. ಬಾಗಿಲು ತೆಗೆಯಬೇಕಾದರೆ ಒಬ್ಬರು ಎತ್ತಬೇಕು, ಇನ್ನೊಬ್ಬರು ಒದೆಯಬೇಕು. ತಾರಸಿಯ ಮೂಲೆಯಲ್ಲಿ ಒಂದು ಗಿಡ ಯಾರ ಅಪ್ಪಣೆಯೂ ಇಲ್ಲದೆ ಬೆಳೆದು ನೆರಳು ಕೊಡುವಷ್ಟಾಗಿತ್ತು. ಮೂರನೆಯ ಅಂತಸ್ತಿಗೆ ಹೋಗುವ ಮೆಟ್ಟಿಲಲ್ಲಿ ನಾಲ್ಕು ಹಲ್ಲೇ ಇರಲಿಲ್ಲ. ಇದೆಲ್ಲ ಹೋಗಲಿ. ಹಿಂಬದಿಯ ಗೋಡೆಯಲ್ಲಿ, ಮೇಲಿನಿಂದ ಕೆಳಗಿನವರೆಗೆ, ಬೆರಳು ತೂರುವಷ್ಟು ಅಗಲದ ಒಂದು ಬಿರುಕು.

ಟೇಪಕ್ಕನ ಅಣ್ಣ ಗಾರೆ ಮೇಸ್ತ್ರಿ. ಅವನು ಬಂದು ಬಿರುಕನ್ನು ನೋಡಿದ, ಗಡ್ಡ ಕೆರೆದುಕೊಂಡ, ಪ್ರತಿ ಅಂತಸ್ತಿನಲ್ಲೂ ಬಿರುಕಿನ ಮೇಲೆ ಅಡ್ಡಡ್ಡ ಒಂದೊಂದು ಗಾಜಿನ ಪಟ್ಟಿ ಇಟ್ಟು ಎರಡು ತುದಿಗೂ ಗಾರೆ ಮೆತ್ತಿದ.

"ಗೋಡೆ ಇನ್ನೂ ಅಲುಗಾಡ್ತಾ ಇದ್ರೆ ಗಾಜು ಒಡೆಯುತ್ತೆ. ಒಡೆದ್ರೆ ಈ ಮನೆ ಕಡೆ ತಲೆ ಹಾಕಿ ಮಲಗಬೇಡ ತಂಗಿ. ಒಡೆಯದಿದ್ರೆ ಯೋಚನೆ ಮಾಡೋಣ."

ಅವನ ಮಾತು ಮೀರಿ ಒಂದು ಇಟ್ಟಿಗೆಯನ್ನೂ ಕೊಳ್ಳುವುದಿಲ್ಲ ಎಂದು ಗಂಡ ಹೆಂಡತಿ ಒಪ್ಪಂದ ಮಾಡಿಕೊಂಡರು. ದಲ್ಲಾಳಿ ಹತ್ತು ದಿನ ಕೊಟ್ಟ. ಹತ್ತನೆಯ ದಿನ ಸಂಜೆಯೊಳಗೆ ಹೂಂ ಅನ್ನದಿದ್ದರೆ ಮನೆ ಕೆಡವಿ ಗೋದಾಮು ಕಟ್ಟುವವನೊಬ್ಬ ತಯಾರಾಗಿ ಕೂತಿದ್ದ.

ಹತ್ತನೆಯ ದಿನ ಬೆಳಿಗ್ಗೆ ಟೇಪಕ್ಕ ಗಂಡನನ್ನೂ ಅತ್ತೆಯನ್ನೂ ಹೊರಡಿಸಿದಳು.

"ಭಾವ ಮಧ್ಯಾಹ್ನ ಬಂದು ಗಾಜು ನೋಡ್ತಾರಲ್ಲ, ನಾವ್ಯಾಕೆ?" ಎಂದ ಡ್ರೈವರ್.

"ಟ್ರಯಲ್ ನೋಡೋಕೆ. ಮೂವತ್ತು ವರ್ಷದಲ್ಲಿ ಒಂದು ಅಂಗೀನಾದ್ರೂ ಟ್ರಯಲ್ ಇಲ್ಲದೆ ಕೊಟ್ಟಿದ್ದೀನಾ? ಇದು ಸಾಯೋವರೆಗೂ ಬಿಚ್ಚೋಕಾಗದ ಬಟ್ಟೆ. ತೊಟ್ಟು ನೋಡದೆ ತಗೊಳ್ಳೋದಾ?"

ನಗಬೇಡಿ. ಅವಳು ನಿಜವಾಗಿಯೂ ಹಾಗೇ ಮಾಡಿದಳು. ಒಂದೊಂದು ಕೋಣೆಗೂ ಇಬ್ಬರನ್ನೂ ನಿಲ್ಲಿಸಿ, "ಕೈ ಎತ್ತಿ. ಬಗ್ಗಿ. ಕೂರಿ. ಉಸಿರು ಬಿಡಿ, ಹೊಟ್ಟೆ ಒಳಗೆ ಎಳ್ಕೋಬೇಡಿ," ಎಂದಳು. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಸೀಮೆಸುಣ್ಣದಲ್ಲಿ ನೆಲದ ಮೇಲೆ ಗುರುತು ಹಾಕಿದಳು. ಅಡುಗೆಮನೆಯಲ್ಲಿ ಡ್ರೈವರ್ ಕೈ ಎತ್ತಿದರೆ ಬೆರಳು ಸೂರಿಗೆ ತಾಗಿತು.

"ಕಂಕುಳಲ್ಲಿ ಬಿಗಿ," ಎಂದ ಅವನು. ಹತ್ತು ದಿನದಿಂದ ಮುಖ ಗಂಟಿಕ್ಕಿಕೊಂಡಿದ್ದ ಮನುಷ್ಯ, ನಗು ತಡೆಯಲಾರದೆ ಗೋಡೆ ಹಿಡಿದುಕೊಂಡ.

ಅತ್ತೆಯನ್ನು ಮೂರನೆಯ ಅಂತಸ್ತಿಗೆ ಹತ್ತಿಸಿದ್ದು ಬೇರೆಯೇ ಒಂದು ದಂಡಯಾತ್ರೆ. ಹಲ್ಲಿಲ್ಲದ ಮೆಟ್ಟಿಲ ಹತ್ತಿರ ಮಗ ಮೇಲಿನಿಂದ ಎಳೆಯಬೇಕು, ಸೊಸೆ ಕೆಳಗಿನಿಂದ ನೂಕಬೇಕು.

"ನಾನೇನು ಅಕ್ಕಿ ಮೂಟೆನಾ? ಮೆಲ್ಲಗೆ ನೂಕೇ."

"ಮೂಟೆ ಆಗಿದ್ರೆ ಮಾತಾಡ್ತಿರಲಿಲ್ಲ ಅತ್ತೆ. ಆ ಛತ್ರಿನಾದ್ರೂ ಕೆಳಗಿಡಬಾರದಾ?"

"ಇಟ್ರೆ ದಲ್ಲಾಳಿ ಅದನ್ನೂ ಮಾರಿಬಿಡ್ತಾನೆ."

ಮೇಲಿನ ಕೋಣೆ ಮನೆಯ ಅಗಲಕ್ಕೂ ಇತ್ತು. ಬೆಳಕು ಸುರಿಯುತ್ತಿತ್ತು. ಡ್ರೈವರ್ ಜಾಮಾದ ಕಿಟಕಿಯೊಂದನ್ನು ತೆಗೆಯುತ್ತೇನೆಂದು ಕೆಳಗಿಳಿದು ದಡಬಡ ಶುರುಮಾಡಿದ. ಟೇಪಕ್ಕ ಮಂಡಿಯೂರಿ ನೆಲದ ಮೇಲೆ ಮೇಜಿನ ಉದ್ದ ಬರೆಯತೊಡಗಿದಳು. ಎಂಟು ಅಡಿ ಬರೆದ ಮೇಲೂ ಸುತ್ತಲೂ ಓಡಾಡಲು ಜಾಗ ಉಳಿಯಿತು. ಹಿಂದೆ ತಿರುಗದೆಯೇ, "ಅತ್ತೆ, ಕೈ ಎತ್ತಿ," ಎಂದಳು. "ಎತ್ತಿದೆ," ಎಂದರು ಅತ್ತೆ. "ಹೇಗಿದೆ?" ಅತ್ತೆ ಛತ್ರಿಯನ್ನು ಮೆಲ್ಲಗೆ ಕೆಳಗಿಳಿಸಿ, "ಸಡಿಲವಾಗಿದೆ," ಎಂದರು.

ಅಷ್ಟರಲ್ಲಿ ಮೇಸ್ತ್ರಿ ಅಣ್ಣ ದಲ್ಲಾಳಿಯ ಜೊತೆ ಬಂದ. ಕೆಳಗಿನ ಗಾಜು ಸರಿ. ನಡುವಿನದೂ ಸರಿ. ಟೇಪಕ್ಕ ಮೆಟ್ಟಿಲ ಬಾಯಲ್ಲಿ ಕಾದಳು. ಅಣ್ಣ ಮೇಲೆ ಬಂದು ಗೋಡೆ ಕಡೆ ತಿರುಗಿದವನು ಹಾಗೇ ನಿಂತುಬಿಟ್ಟ. ಮೇಲಿನ ಗಾಜು ಎರಡು ತುಂಡಾಗಿತ್ತು.

"ಇಳೀರಿ," ಎಂದ. "ಎಲ್ಲರೂ ಇಳೀರಿ ಕೆಳಗೆ. ಗೋಡೆಗೆ ಜೀವ ಇದೆ. ಇದು ಮನೆಯಲ್ಲ, ನಿಂತುಕೊಂಡಿರೋ ಹೆಣ."

ಜೀವ ಇರುವ ಹೆಣ ಹೇಗೆ ಎಂದು ಯಾರೂ ಕೇಳಲಿಲ್ಲ, ಓಡಿದರು. ಪ್ರಯಾಣಿಕರೆಲ್ಲ ಇಳಿದ ಮೇಲೆ ಕಡೆಗೆ ಇಳಿಯಬೇಕಾದ ಡ್ರೈವರೇ ಎಲ್ಲರಿಗಿಂತ ಮೊದಲು ಬೀದಿಯಲ್ಲಿದ್ದ. ಅವನ ಹಿಂದೆ ದಲ್ಲಾಳಿ, ಆಮೇಲೆ ಮೇಸ್ತ್ರಿ, ಟೇಪಕ್ಕನ ಕೈ ಹಿಡಿದು ಎಳೆದುಕೊಂಡು. ಬೀದಿಯಲ್ಲಿ ಉಸಿರು ಬಿಟ್ಟು ತಲೆ ಎಣಿಸಿದರೆ ಒಂದು ಕಡಿಮೆ. ತಲೆ ಎತ್ತಿ ನೋಡಿದರೆ ಮೂರನೆಯ ಅಂತಸ್ತಿನ ಕಿಟಕಿಯಲ್ಲಿ ಅತ್ತೆ, ಬೀದಿಯನ್ನು ಎಡದಿಂದ ಬಲಕ್ಕೆ ಓದುತ್ತಾ ನಿಂತಿದ್ದರು.

"ಅಮ್ಮಾ, ಇಳಿ," ಎಂದು ಮಗ ಕೂಗಿದ.

"ಎದುರು ಮನೆಯವನು ತಲೆಗೆ ಬಣ್ಣ ಹಚ್ಕೋತಿದ್ದಾನೆ ಕಣೋ. ಅರ್ಧ ಆಗಿದೆ. ಇರು," ಎಂದರು ಅತ್ತೆ.

ಕರೆತರಲು ಟೇಪಕ್ಕ ಮತ್ತೆ ಹತ್ತಿದಳು. ಅಣ್ಣ ಬೇಡವೆಂದ, ಕೇಳಲಿಲ್ಲ. ಒಂದೊಂದು ಮೆಟ್ಟಿಲಿಗೂ ಅವಳ ಆಸೆ ಒಂದೊಂದು ಗುಂಡಿಯಾಗಿ ಉದುರುತ್ತಿತ್ತು. ಮೇಲೆ ಹೋದಾಗ ನೆಲದ ಮೇಲಿನ ಸೀಮೆಸುಣ್ಣದ ಮೇಜನ್ನು ತುಳಿಯದೆ ಸುತ್ತಿ ಹೋದಳು. ಸೊಸೆಯ ಕಣ್ಣು ತುಂಬಿದ್ದನ್ನು ಅತ್ತೆ ನೋಡಿದರು.

"ಅಳಬೇಡ ಕಣೇ. ಆ ಗಾಜು ಒಡೆದಿದ್ದು ನಾನು."

"ಏನು?"

"ಕೈ ಎತ್ತು ಅಂದೆ, ಎತ್ತಿದೆ. ಕೈಯಲ್ಲಿ ಛತ್ರಿ ಇತ್ತು. ಟಣ್ ಅಂತು. ಕೆಳಗೆ ಇವನು ಕಿಟಕಿ ಬಡೀತಿದ್ದ, ನಿನಗೆ ಕೇಳಿಸಲಿಲ್ಲ."

"ಮತ್ತೆ ಅಣ್ಣ ಅಷ್ಟು ಕೂಗಾಡಿದಾಗ ಯಾಕೆ ಹೇಳಲಿಲ್ಲ ಅತ್ತೆ?"

"ಪಾಪ, ಎಷ್ಟು ಚೆನ್ನಾಗಿ ಹೆದರಿಸ್ತಿದ್ದ. ಮಧ್ಯೆ ಬಾಯಿ ಹಾಕೋಕೆ ಮನಸ್ಸು ಬರಲಿಲ್ಲ."

ಟೇಪಕ್ಕ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದಳು. ಆದರೆ ದಡ್ಡಿಯಲ್ಲ. ಅತ್ತೆ ಒಡೆದರು ಸರಿ, ಅದರಿಂದ ಗೋಡೆ ಗಟ್ಟಿ ಎಂದಾಯಿತೇ? ಹೊಸ ಗಾಜು ಅಂಟಿಸಿ ಕಾಯಲು ದಿನವಿಲ್ಲ, ಸಂಜೆಯೇ ಕೊನೆ. ಕೈಗೆ ಬಂದದ್ದು ಕೇವಲ ಅರ್ಧ ಉತ್ತರ.

ಆಗ ಅವಳು ಬಿರುಕಿನ ಮುಂದೆ ಕೂತಳು. ಯಾರೋ ಹರಿದ ಅಂಗಿ ತಂದುಕೊಟ್ಟರೆ ಅವಳು ಮೊದಲು ಮಾಡುವ ಕೆಲಸ ಅದನ್ನು ಒಳಮಗ್ಗುಲಾಗಿ ತಿರುಗಿಸುವುದು. ಹರಿದದ್ದು ಇವತ್ತೋ, ಹೋದ ವರ್ಷವೋ ಒಳಗಿನ ದಾರ ಹೇಳುತ್ತದೆ. ಗೋಡೆಯನ್ನು ತಿರುಗಿಸುವುದು ಹೇಗೆ? ಹೆಗಲಿಗೆ ಸಿಕ್ಕಿಸಿಕೊಂಡಿದ್ದ ದೊಡ್ಡ ಸೂಜಿ ತೆಗೆದು ಬಿರುಕಿನೊಳಗೆ ತೂರಿಸಿ ಮೆಲ್ಲಗೆ ಕೆರೆದಳು. ಅಂಗೈಗೆ ಒಂದು ಚಕ್ಕೆ ಬಿತ್ತು. ಮೇಲೆ ಹಸಿರು. ಹಸಿರಿನ ಕೆಳಗೆ ಹಳದಿ. ಹಳದಿಯ ಕೆಳಗೆ ನೀಲಿ. ಇನ್ನೂ ಒಳಗೆ ಕೆರೆದಳು, ಅಲ್ಲೂ ಅದೇ ಮೂರು ಬಣ್ಣ.

ಕಿಟಕಿಯಿಂದ ಬಗ್ಗಿದಳು. "ಅಣ್ಣಾ, ಮೇಲೆ ಬಾ. ಗಾಜು ಒಡೆದಿದ್ದು ಗೋಡೆಯಲ್ಲ, ಅತ್ತೆ."

ಅವನು ಗೊಣಗುತ್ತಾ ಬಂದ. ಒಡೆದ ಗಾಜನ್ನೂ ಛತ್ರಿಯ ಮೊನೆಯನ್ನೂ ನೋಡಿದ. ತಂಗಿ ಅಂಗೈ ಚಾಚಿದಳು.

"ಬಿರುಕಿನ ಒಳಗೆ ಬಣ್ಣ ಹೇಗೆ ಹೋಯಿತು ಅಣ್ಣ? ಬಳಿದಾಗ ಬಿರುಕು ಇದ್ರೆ ತಾನೇ ಹೋಗೋದು? ಮೂರು ಸಲ ಬಳಿದಿದ್ದಾರೆ. ಬೀಗ ಬಿದ್ದೇ ಹನ್ನೊಂದು ವರ್ಷ. ಆಮೇಲೆ ಅಗಲ ಆಗಿದ್ರೆ ಬಣ್ಣ ಇಲ್ಲದ ಹಸೀ ಅಂಚು ಎಲ್ಲಾದ್ರೂ ಕಾಣಬೇಕಲ್ಲ, ನೋಡು."

ಮೇಸ್ತ್ರಿ ಟಾರ್ಚ್ ಹಾಕಿ ಮೇಲಿನಿಂದ ಕೆಳಗಿನವರೆಗೆ ನೋಡಿದ. ಒಂದೊಂದು ಅಂತಸ್ತನ್ನೂ ನೋಡಿ, ಕೆಳಗೆ ನೆಲಕ್ಕೆ ಕೆನ್ನೆ ಇಟ್ಟು ನೋಡಿ, ಮೈಯೆಲ್ಲ ಧೂಳಾಗಿ ಮತ್ತೆ ಮೇಲೆ ಬಂದ.

"ಹಸೀ ಅಂಚು ಎಲ್ಲೂ ಇಲ್ಲ. ಹಳೇ ಗಾಯ, ಯಾವತ್ತೋ ಮಾಯ್ದಿದೆ," ಎಂದ. ಆಮೇಲೆ ತಗ್ಗಿದ ದನಿಯಲ್ಲಿ, "ಗಾಜು ಅಂಟಿಸೋ ಗತ್ತಿನಲ್ಲಿ ನಾನು ಒಳಗೆ ಇಣುಕಲೇ ಇಲ್ಲ ತಂಗಿ. ಆದ್ರೂ ತಾರಸಿ ಪೂರಾ ಬಿಚ್ಚಬೇಕು. ಆ ಗಿಡ ಬೇರು ಸಮೇತ ಹೋಗಬೇಕು. ನಾನು ಗ್ಯಾರಂಟಿ ಅಂತೂ ಕೊಡಲ್ಲ."

"ಪ್ಯಾಂಟಿನ ಕುಂಡಿಗೆ ನಾನೂ ಗ್ಯಾರಂಟಿ ಕೊಡಲ್ಲ. ಹಾಗಂತ ಜನ ಪ್ಯಾಂಟ್ ಹೊಲಿಸೋದು ಬಿಟ್ಟಿದ್ದಾರಾ? ತಗೋಬಹುದಾ ಬೇಡವಾ, ಅಷ್ಟು ಹೇಳು."

ಅಣ್ಣ ಧೂಳಿನ ಕೈಯಲ್ಲೇ ಗಡ್ಡ ಕೆರೆದುಕೊಂಡ. "ತಗೋ."

ಟೇಪಕ್ಕ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ದಲ್ಲಾಳಿಗೆ, ಗಂಡನಿಗೆ, ಇಡೀ ಬೀದಿಗೆ ಕೇಳುವ ಹಾಗೆ ಹೂಂ ಎಂದಳು. ಎದುರು ಮನೆಯವನು ಅರ್ಧ ಕಪ್ಪು ಅರ್ಧ ಬಿಳಿ ತಲೆಯಲ್ಲಿ ಹೊರಗೆ ಬಂದು ಚಪ್ಪಾಳೆ ತಟ್ಟಿದ, ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ಡ್ರೈವರ್ ಬೀದಿಯಲ್ಲೇ ನಿಂತು ಎರಡೂ ಕೈ ಎತ್ತಿದ. ಈಗ ಕಂಕುಳಲ್ಲಿ ಬಿಗಿಯೇ ಇರಲಿಲ್ಲ.

"ಮೂವತ್ತು ಜನಕ್ಕೆ ತೋರಿಸಿದ್ದೀನಿ ಈ ಮನೆನ," ಎಂದ ದಲ್ಲಾಳಿ ಅವನಿಗೆ. "ಎಲ್ಲರೂ ಮೂಗು ಮುಚ್ಕೊಂಡು ಹೋದ್ರು. ಸೂಜಿ ಹಾಕಿ ನೋಡಿದವರು ಯಾರೂ ಇಲ್ಲ ಮಾರಾಯ."

ಕಾಗದಕ್ಕೆ ಸಹಿ ಹಾಕಲು ದಲ್ಲಾಳಿಯ ಕಚೇರಿಗೆ ಹೋಗಬೇಕಿತ್ತು. "ಬನ್ನಿ ಅತ್ತೆ, ಇಳಿಯೋಣ," ಎಂದಳು ಟೇಪಕ್ಕ. ಅತ್ತೆ ಕಿಟಕಿಯ ಕಟ್ಟೆಯ ಮೇಲೆ ಸೆರಗಿನಿಂದ ಧೂಳು ಹೊಡೆದು ಇನ್ನೂ ಸರಿಯಾಗಿ ಕೂತರು.

"ಹತ್ತೋಕೆ ಅರ್ಧ ಗಂಟೆ ಆಯಿತು. ಇಳಿದು ಇನ್ನೊಂದು ಸಲ ಹತ್ತೋದು ನನ್ನ ಕೈಲಾಗಲ್ಲ. ನಾನು ಇಲ್ಲೇ ಇರ್ತೀನಿ, ನೀವು ಹೋಗಿ ಸಾಮಾನು ತನ್ನಿ."

ಇಷ್ಟು ಹೇಳಿ ನನ್ನ ಗಂಟಲು ಒಣಗಿತು. ಒಂದು ಕೆಲಸ ಮಾಡಿ. ನಿಮ್ಮಲ್ಲಿ ಯಾರ ಮಗಳೋ, ಅಳಿಯನೋ, ಗೆಳೆಯನೋ ಈಗ ಯಾವುದಾದರೂ ಹಳೇ ಮನೆಯ ಮುಂದೆ ಬಾಯಿ ಬಿಟ್ಟುಕೊಂಡು ನಿಂತಿದ್ದರೆ, ಇದನ್ನು ಅವರಿಗೆ ಕಳಿಸಿ. ಅವರು ಇನ್ನೊಬ್ಬರಿಗೆ ಕಳಿಸಲಿ. ಕತ್ತರಿಸಬೇಡಿ, ಪೂರ್ತಿ ಕಳಿಸಿ.