ನೀಲವ್ವ ಡಾಟ್ ಇನ್

ಟಕ್.

ಬ್ಯಾಡಗಿಯ ಒಂದು ಮನೆಯಲ್ಲಿ, ಎಲ್ಲರೂ ಮಲಗಿದ ಮೇಲೆ, ಕಂಪ್ಯೂಟರಿನ ಒಂದೇ ಒಂದು ಗುಂಡಿ ಒತ್ತಿದ ಸದ್ದು. ಆ ಸದ್ದಿಗೆ ನಾನು ಎರಡನೆಯ ಸಲ ಹುಟ್ಟಿದೆ. ಮೊದಲ ಹುಟ್ಟನ್ನು ಹೇಳದಿದ್ದರೆ ಇದು ಅರ್ಥವಾಗದು.

ನಾನು ಒಂದು ಡೊಮೇನ್ ಹೆಸರು. ಅಂತರ್ಜಾಲದಲ್ಲಿ ಒಂದು ಅಂಗಡಿಯ ವಿಳಾಸ. ನನ್ನನ್ನು ಯಾರೂ ಶಾಶ್ವತವಾಗಿ ಕೊಳ್ಳಲಾರರು. ಅವಧಿ ಮುಗಿಯುವ ಮೊದಲೇ ನವೀಕರಿಸಿ ಹಿಡಿದುಕೊಳ್ಳಬೇಕು. ಕೈಬಿಟ್ಟರೆ ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಅದಕ್ಕೇ ನನ್ನ ಕಣ್ಣು ಸದಾ ಬಾಗಿಲ ಕಡೆಗೆ.

ನೀಲವ್ವ ಗಂಡ ತೀರಿಕೊಂಡ ಮೇಲೆ ಮನೆಯಲ್ಲೇ ಮಸಾಲೆ ಖಾರ ಮಾಡಿ ಮಾರುತ್ತಿದ್ದಳು. ಹೊರಗಿನ ಊರುಗಳಿಂದ ಕೇಳುವವರು ಹೆಚ್ಚಾದಾಗ ವೆಬ್‌ಸೈಟ್ ಮಾಡಲು ಹೊರಟಳು. ಮೈದುನ ಮುರಿಗೆಪ್ಪ ತನ್ನ ಕಿರಾಣಿ ಅಂಗಡಿಯ ಹೆಸರನ್ನೇ ಇಡಬೇಕೆಂದ: ಅಜ್ಜನ ಹೆಸರು, ಅಪ್ಪನ ಹೆಸರು, ನಡುವೆ ಅಡ್ಡಗೆರೆ, ಕೊನೆಗೆ ‘ಆ್ಯಂಡ್ ಸನ್ಸ್’. ನೀಲವ್ವ ವಾದಕ್ಕೆ ಇಳಿಯಲಿಲ್ಲ. ಕೊಪ್ಪಳದ ಸೋದರತ್ತೆಗೆ ಫೋನ್ ಮಾಡಿ, ಆ ಉದ್ದನೆಯ ಹೆಸರನ್ನು ಒಂದೇ ಸಲ ಹೇಳಿದಳು. ಮರುದಿನ ಅತ್ತೆ ಅದನ್ನು ನೆನಪಿನಿಂದ ತಿರುಗಿ ಹೇಳಬೇಕು, ಅದೇ ಪರೀಕ್ಷೆ.

“ಅದೇನ ರೈಲ್ ಇದ್ದಂಗ ಐತಿ, ಡಬ್ಬಿ ಎಣಸೂದ್ರಾಗ ಎಂಜಿನ್ ಮರತೆ,” ಎಂದರು ಅತ್ತೆ. “ನಿನ್ನ ಹೆಸರ ಇಡ ಯವ್ವಾ. ಅದನ್ನ ಮರೀತೀನೇನ?”

ಮುರಿಗೆಪ್ಪ ಮುಖ ಗಂಟು ಹಾಕಿಕೊಂಡ. “ಮನಿ ಹೆಣ್ಮಗಳ ಹೆಸರು ಬಜಾರಕ್ಕ ತರ್ತೀರೇನ್ರಿ ವೈನಿ?”

“ನಿಮ್ಮ ಅಂಗಡಿ ಬೋರ್ಡಿನ ಮ್ಯಾಲೆ ಲಕ್ಷ್ಮಿ ಕುಂತಾಳಲ್ರಿ, ಆಕಿ ಯಾರ ಮನಿ ಗಂಡ್ಮಗ?”

ಹೀಗೆ ನಾನು ‘ನೀಲವ್ವ ಡಾಟ್ ಇನ್’ ಆದೆ. ಆದರೆ ನನ್ನನ್ನು ನೋಂದಾಯಿಸುವಾಗ ಕಂಪ್ಯೂಟರ್ ಅಂಗಡಿಯಲ್ಲಿ ಕುಳಿತವನು ಮುರಿಗೆಪ್ಪ. “ಅದೆಲ್ಲಾ ನಾ ನೋಡ್ಕೋತೀನಿ” ಎಂದು ತನ್ನದೇ ಮೊಬೈಲ್ ನಂಬರು, ತನ್ನದೇ ಇಮೇಲ್ ಕೊಟ್ಟ. ಹೆಸರು ಅವಳದು, ಕೀಲಿ ಅವನದು.

ಖಾರದ ಪ್ರತಿ ಪಾಕೀಟಿನ ಮೇಲೂ ನಾನು ಅಚ್ಚಾದೆ. ಅವಧಿ ಮುಗಿಯುತ್ತ ಬಂದಾಗ ಎಚ್ಚರಿಕೆಗಳು ಮುರಿಗೆಪ್ಪನ ಫೋನಿಗೆ ಹೋದವು. ಅವನು ಒಂದೊಂದನ್ನೇ ಅಳಿಸಿದ. ಒಂದು ದಿನ ನಾನು ಆರಿಹೋದೆ. ಹುಡುಕಿ ಬಂದವರಿಗೆ ಖಾಲಿ ಪುಟ. ಖಾರ ಕೇಳುವವರಿಲ್ಲ.

“ಏನರ ಮೆಸೇಜ್ ಬಂದಿತ್ತೇನ್ರಿ?” ನೀಲವ್ವ ಕೇಳಿದಳು.

“ಬರ್ತಾವ ನೂರಾ ಎಂಟು. ಹೋದ್ರ ಹೋಗ್ಲಿ ಬಿಡ್ರಿ, ನಮ್ಮ ಅಂಗಡಿ ಹೆಸರಿನ್ಯಾಗ ಮಾರೂಣು.”

ಅವಳು ಕಂಪ್ಯೂಟರಿನ ಮುಂದೆ ಕುಳಿತಳು. ಡೊಮೇನ್ ನಿಯಮಗಳನ್ನು ಓದಿಕೊಂಡಳು. ನವೀಕರಿಸದ ಹೆಸರು ಕೆಲವು ವಾರಗಳ ನಂತರ ಮತ್ತೆ ಎಲ್ಲರಿಗೂ ಸಿಗುತ್ತದೆಂದು ತಿಳಿದುಕೊಂಡಳು. ದಿನಾ ನನ್ನನ್ನು ಹುಡುಕಿದಳು. ಯಾರದೋ ಕೈ ಮೊದಲು ಬಿದ್ದರೆ ಎಂದು ನಾನು ನಡುಗುತ್ತಿದ್ದೆ. ಆದರೂ ಒಂದು ಹಟವಿತ್ತು: ಬದುಕಿದರೆ ನೀಲವ್ವನಾಗಿ ಬದುಕುತ್ತೇನೆ, ಯಾರದೋ ಅಂಗಡಿಯ ಬಾಲವಾಗಿ ಅಲ್ಲ.

ಎಲ್ಲರೂ ಮಲಗಿದ ಆ ರಾತ್ರಿ ಪರದೆಯ ಮೇಲೆ ‘ಲಭ್ಯವಿದೆ’ ಎಂದು ಬಂತು. ಅವಳ ನಂಬರು, ಅವಳ ಇಮೇಲ್, ಮನೆಯಲ್ಲಿ ಯಾರೂ ಊಹಿಸಲಾಗದ ಪಾಸ್‌ವರ್ಡ್. ಟಕ್.

ಕೆಲವೇ ದಿನಗಳಲ್ಲಿ ಆರ್ಡರುಗಳು ಮತ್ತೆ ಬಂದವು. ಮುರಿಗೆಪ್ಪ ಮೊದಲು ಗಾಬರಿಯಾದ, ಆಮೇಲೆ ಮೀಸೆ ತಿರುವಿದ. “ನೋಡ್ರಿ ವೈನಿ, ನಾ ಕಂಪ್ಯೂಟರ್ ಅಂಗಡಿಯವ್ರಿಗೆ ಜೋರ್ ಮಾಡಿ ಹೇಳಿದ್ನಿ, ಸರಿ ಮಾಡ್ಯಾರ.”

“ಭಾಳ ಉಪಕಾರ ಆತ್ರಿ,” ಎಂದು ಅವಳು ಅವನ ಕಪ್ಪಿಗೆ ಇನ್ನಷ್ಟು ಚಹಾ ಸುರಿದಳು.

ನಾನೀಗ ಅವಳ ಕೈಯಲ್ಲಿರುವುದು ಗೊತ್ತಾದರೆ ನಾಳೆಯೇ ಕೀಲಿ ಕೇಳುತ್ತಾನೆ. ಇವನಿಗಷ್ಟೇ ಅಲ್ಲ, ಮಾತು ತಿರುಗಿ ಇವನ ಕಿವಿಗೆ ಬೀಳದಂತೆ ಕೊಪ್ಪಳದ ಅತ್ತೆಗೂ ಹೇಳುವುದಿಲ್ಲವೆಂದು ನೀಲವ್ವ ಅಲ್ಲೇ, ಚಹಾದ ಕೆಟಲು ಕೆಳಗಿಡುವಷ್ಟರಲ್ಲಿ, ತೀರ್ಮಾನಿಸಿದಳು.