ಕಂಪ್ಯೂಟರ್ ಹೆಂಗಸು

ಕೊಳಾಲದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಜ್ಯೋತಿಲಕ್ಷ್ಮಿಯ ಮೇಲೆ ಸೈಬರ್ ಅಪರಾಧದ ಕೇಸು ಬೀಳಲು ಕಾರಣ, ಪರ್ವತಯ್ಯನವರ ಮಿಮಿಕ್ರಿ.

ಪರ್ವತಯ್ಯ ಹಾಲಿನ ಸಂಘದ ನಿರ್ದೇಶಕರು. ಸಭೆಯಲ್ಲಿ ತುಟಿ ಬಿಚ್ಚದ ಮನುಷ್ಯ. ಮನೆಗೆ ಬಂದರೆ ಮಾತ್ರ ಹೆಂಡತಿ ಕಮಲಾಕ್ಷಮ್ಮನ ಮುಂದೆ ಅಧ್ಯಕ್ಷ ಕುಮಾರಸ್ವಾಮಿಯವರ ಭಾಷಣ, ಕೆಮ್ಮು, ಗೊರಕೆ ಎಲ್ಲವನ್ನೂ ಮಾಡಿ ತೋರಿಸುತ್ತಿದ್ದರು. ಒಂದು ಸಂಜೆ ಹಾಗೆ ತೋರಿಸುವಾಗ ಕೈಯಲ್ಲಿದ್ದ ಫೋನಿನ ಮೈಕು ಅದುಮಿಹೋಗಿ, ಅಷ್ಟೂ ಆಟ ಸಂಘದ ವಾಟ್ಸಾಪ್ ಗುಂಪಿಗೆ ಹೋಯಿತು. ಊರೆಲ್ಲ ನಕ್ಕಿತು. ಕುಮಾರಸ್ವಾಮಿ ನಗಲಿಲ್ಲ.

ಪರ್ವತಯ್ಯ ಹೆದರಿ, "ನನ್ ಫೋನ್ ಯಾರೋ ಹ್ಯಾಕ್ ಮಾಡವ್ರೆ. ಅದು ಕಂಪ್ಯೂಟರ್ ದನಿ" ಎಂದುಬಿಟ್ಟರು.

"ಅಂಗಾದ್ರೆ ಕಂಪ್ಲೇಂಟ್ ಕೊಡು ನಡಿ" ಎಂದು ಅಧ್ಯಕ್ಷರೇ ಠಾಣೆಗೆ ಕರೆದೊಯ್ದರು. ಅನುಮಾನ ಯಾರ ಮೇಲೆ ಎಂದು ಪೊಲೀಸರು ಕೇಳಿದರು. ಹಿಂದಿನ ದಿನವಷ್ಟೇ ಫೋನಿಗೆ ಹೊಸ ಗ್ಲಾಸು ಹಾಕಿಕೊಟ್ಟಿದ್ದ ಜ್ಯೋತಿಲಕ್ಷ್ಮಿಯ ಹೆಸರು ಪರ್ವತಯ್ಯನವರ ಬಾಯಿಗೆ ಬಂತು. ಪೊಲೀಸರು ಅವಳ ಲ್ಯಾಪ್‌ಟಾಪ್ ಎತ್ತಿಕೊಂಡು ಹೋದರು. ಕೇಸು ಕೊರಟಗೆರೆ ಕೋರ್ಟು ಸೇರಿತು.

"ಗ್ಲಾಸ್ ಹಾಕಿದ್ ಬುಟ್ರೆ ನಾನಿನ್ನೇನೂ ಮಾಡಿಲ್ಲ ಮೇಡಂ" ಎಂದು ಜ್ಯೋತಿಲಕ್ಷ್ಮಿ ವಕೀಲೆ ಲೋಹಿತಾಳ ಮುಂದೆ ಅತ್ತಳು.

ಲೋಹಿತಾ ಆ ಧ್ವನಿ ಸಂದೇಶವನ್ನು ಮತ್ತೆ ಹಾಕಿ ಕೇಳಿದಳು. ನಡುವೆ ಒಂದು ಹೆಣ್ಣುದನಿ, 'ಮೆಲ್ಲುಕ್ ಮಾಡ್ರಿ, ಪಕ್ಕದ್ಮನೇರು ಕೇಳಿಸ್ಕೊಂತಾರೆ' ಎನ್ನುತ್ತಿತ್ತು.

"ಇದ್ಯಾರು?"

"ಪರ್ವತಯ್ಯನೋರ ಹೆಂಡ್ತೀನೇ. ಅದೂ ಕಂಪ್ಯೂಟರ್ ಹೆಂಗಸು ಅಂತ ಅವ್ರು ಪೊಲೀಸ್ರಿಗೆ ಹೇಳವ್ರೆ."

ಮಾರನೆಯ ದಿನವೇ ಲೋಹಿತಾ ಪರ್ವತಯ್ಯನವರ ಮನೆಗೆ ಹೋದಳು. ಅವರು ಡೇರಿಯಲ್ಲಿದ್ದರು. ಕಮಲಾಕ್ಷಮ್ಮ ಗಂಡನ ಮರ್ಯಾದೆಗೆ ಅಂಜಿ ಅದುವರೆಗೂ ಬಾಯಿ ಮುಚ್ಚಿಕೊಂಡಿದ್ದವರು. ಲೋಹಿತಾ ಹೇಳಿದ್ದನ್ನು ಕೇಳಿ ಕೈಯಲ್ಲಿದ್ದ ಸೌಟು ಕೆಳಗಿಟ್ಟರು.

"ನಾನು ಕಂಪ್ಯೂಟರ್ ಹೆಂಗಸಾ? ಆಮೇಲೆ, ಆ ಹುಡುಗೀಗೆ ಏನಾಯ್ತದೆ?"

"ಜೈಲಾದ್ರೂ ಆಗ್ಬೋದಮ್ಮ."

"ಯಾವತ್ತು ಬರ್ಬೇಕು ಹೇಳವ್ವ. ಬತ್ತೀನಿ."

ಕಟಕಟೆಯಲ್ಲಿ ಕಮಲಾಕ್ಷಮ್ಮನನ್ನು ಕಂಡು ಪರ್ವತಯ್ಯ ಕಂಬದ ಮರೆಗೆ ಸರಿದರು. ಎರಡೂ ದನಿ ಅಸಲಿ, ಒಂದು ತನ್ನದು, ಇನ್ನೊಂದು ತನ್ನ ಯಜಮಾನರದು ಎಂದು ಆಕೆ ಹೇಳಿದರು.

ಸರ್ಕಾರಿ ವಕೀಲರು ಬಿಡಲಿಲ್ಲ. "ಈಗಿನ ನಕಲಿ ದನಿ ಯಾರಿಗೂ ಗೊತ್ತಾಗಲ್ಲ. ಇದು ನಿಮ್ಮ ಯಜಮಾನರದೇ ಅಂತ ಹೇಗೆ ಹೇಳ್ತೀರಿ?"

"ಅಧ್ಯಕ್ಷರ ಕೆಮ್ಮು ಮಾಡೋಕೋಗಿ ಇವ್ರಿಗೇ ನಿಜವಾದ್ ಕೆಮ್ಮು ಹತ್ಕೊಂತು ಸ್ವಾಮಿ. ನೀರು ಕೊಟ್ಟೋಳು ನಾನೇ. ಕೊನೇಲಿ ಕೇಳಿ, ನೀರ್ ಕುಡ್ದು, 'ಸಕ್ರೆ ಹಾಕಿದ್ಯೇನೆ' ಅಂತಾರೆ. ಕಾಫಿ ಕುಡ್ದ ಲೋಟ ತೊಳ್ದಿರ್ಲಿಲ್ಲ, ಅದುಕ್ಕೆ. ಕಂಪ್ಯೂಟ್ರಿಗೆ ನಮ್ಮನೆ ಲೋಟದ್ ವಿಷ್ಯ ಹೆಂಗ್ ಗೊತ್ತಾಯ್ತದೆ?"

ಸಂದೇಶವನ್ನು ಕೊನೆಯವರೆಗೂ ಹಾಕಿಸಿದರು. ಕೆಮ್ಮು, ಗುಟುಕು, ಸಕ್ಕರೆ ಎಲ್ಲ ಇತ್ತು. ನ್ಯಾಯಾಧೀಶರು ನಗು ತಡೆಯಲು ಕನ್ನಡಕ ತೆಗೆದು ಒರೆಸತೊಡಗಿದರು.

ಜ್ಯೋತಿಲಕ್ಷ್ಮಿ ನಿರಪರಾಧಿ ಎಂದು ತೀರ್ಪಾಯಿತು.

ಹೊರಗೆ ಪರ್ವತಯ್ಯ ತಲೆ ತಗ್ಗಿಸಿ ಅವಳ ಬಳಿ ಬಂದರು. "ತಪ್ಪಾಯ್ತು ಕಣಮ್ಮ."

"ನನ್ ಕಿವೀಲಿ ಹೇಳಿದ್ರೆ ಆಗಲ್ಲ. ಗುಂಪಲ್ಲಿ ಹೇಳಿ."

ಕೋರ್ಟಿನ ಅಂಗಳದಲ್ಲೇ ನಿಂತು ಅವರು, ಆ ದನಿ ತನ್ನದೇ, ತಪ್ಪಾಯ್ತು ಎಂದು ಗುಂಪಿಗೆ ಕಳಿಸಿದರು. ಮೊದಲ ಉತ್ತರ ಕುಮಾರಸ್ವಾಮಿಯವರದು: 'ಪರ್ವತಯ್ಯ, ನಾನು ನಿಜವಾಗ್ಲೂ ಸಭೇಲಿ ಗೊರಕೆ ಹೊಡೀತೀನಾ?'

ಪರ್ವತಯ್ಯ ಏನು ಬರೆಯಲಿ ಎನ್ನುವಂತೆ ಹೆಂಡತಿಯ ಮುಖ ನೋಡಿದರು.

"ಹೂಂ ಅಂತ ಹಾಕ್ರಿ" ಎಂದರು ಕಮಲಾಕ್ಷಮ್ಮ.