ಲ್ಯಾಂಪ್ರೆಯ ಬಾಯಿ

ಲ್ಯಾಂಪ್ರೆಗೆ ಮೂಳೆಯೂ ಇಲ್ಲ, ದವಡೆಯೂ ಇಲ್ಲ. ಇಂಥ ಮೀನು ಸತ್ತರೆ ಕಲ್ಲಿನಲ್ಲಿ ಉಳಿಯುವುದಾದರೂ ಏನು? ಅದೃಷ್ಟವಿದ್ದರೆ ಚಹಾ ಚೆಲ್ಲಿದಂಥ ಒಂದು ಕಲೆ, ಅದರ ತುದಿಗೆ ಹಲ್ಲುಗಳ ಪುಟ್ಟ ಬಳೆ. ಆ ಬಳೆಯೇ ಬಾಯಿ. ಅದಿಲ್ಲದಿದ್ದರೆ ಇದು ಮೀನೋ ಹುಳುವೋ ಎಂದು ದೊಡ್ಡ ವಿದ್ವಾಂಸರೂ ತಲೆ ಕೆರೆದುಕೊಳ್ಳಬೇಕು.

ಮ್ಯೂಸಿಯಮ್ಮಿನ ಹಿಂದಿನ ಕೋಣೆಯಲ್ಲಿ ಅಕ್ಕ ತಂಗಿ ಇಬ್ಬರೂ ಇಂಥ ಪಳೆಯುಳಿಕೆಗಳನ್ನು ಕಲ್ಲಿನಿಂದ ಸೂಜಿಯಲ್ಲಿ ಕೆರೆದು ಬಿಡಿಸುತ್ತಿದ್ದರು. ಕೆಲಸ ಕಲಿಸಿದವಳು ಅಕ್ಕ. ಈಚೆಗೆ ಅವಳ ಕಣ್ಣು ಮಂಜಾಗುತ್ತಿತ್ತು. ಅದನ್ನು ಅವಳು ಒಪ್ಪುತ್ತಿರಲಿಲ್ಲ, ಮೇಲಿನವರಿಗೆ ಗೊತ್ತಿರಲಿಲ್ಲ. ಅವಳು ಮುಗಿಸಿದ ಪ್ರತಿ ಕಲ್ಲನ್ನೂ ತಂಗಿ ಕದ್ದು ಒಮ್ಮೆ ಪರೀಕ್ಷಿಸುತ್ತಿದ್ದಳು.

ಅಂದು ಅಕ್ಕ ಲ್ಯಾಂಪ್ರೆಯ ಕಲ್ಲನ್ನು ಮುಂದಕ್ಕೆ ತಳ್ಳಿದಳು. "ತಲೆ ಹತ್ರ ತುಕ್ಕು ಕೂತಿತ್ತು ಕಣೇ. ಪೂರ್ತಿ ಕೆರೆದು ತೆಗ್ದೆ. ಈಗ ನೋಡು, ಬಾಯಿ ಹೇಗೆ ಕಾಣುತ್ತೆ."

ತಂಗಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ಬಾಯಿ ಇರಬೇಕಾದಲ್ಲಿ ಬರಿ ಕಲ್ಲು. ಎಂಥ ನಾಜೂಕಿನ ಕೆಲಸ, ಒಂದು ಗೀರೂ ಇರಲಿಲ್ಲ.

"ಚೆನ್ನಾಗಿದೆ ಅಕ್ಕ," ಎಂದಳು.

ಮರುದಿನ ಮುಖ್ಯಸ್ಥರು ಬಾಯಿ ಎಲ್ಲಿ ಎಂದು ಕೇಳಿದಾಗ, ಹಾಳು ಮಾಡಿದವಳು ತಾನೇ ಎಂದುಬಿಟ್ಟಳು. ಅವರು ಆಚೆ ಹೋದದ್ದೇ ತಡ, ಅಕ್ಕ ಹರಿಹಾಯ್ದಳು. "ನಾನು ಕೊಟ್ಟಾಗ ಸರಿಯಾಗೇ ಇತ್ತಲ್ಲ. ಆಮೇಲೆ ಯಾಕೆ ಸೂಜಿ ಆಡಿಸೋಕೆ ಹೋದೆ? ಇಷ್ಟು ವರ್ಷ ಕಲಿಸಿದ್ದು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು."

ತಂಗಿ ತಲೆ ತಗ್ಗಿಸಿ ಬೈಸಿಕೊಂಡಳು. ಬೈಗುಳವೇನು ಮೈಗೆ ಅಂಟುತ್ತದೆಯೇ? ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು.

ಮೊದಲು ಕಲ್ಲನ್ನು ಸೀಳಿದಾಗ ಮೀನಿನ ಅಚ್ಚು ಎರಡು ಹೋಳಿನಲ್ಲೂ ಉಳಿದಿತ್ತು. ಅಕ್ಕ ಎರಡನೆಯ ಹೋಳನ್ನು ಕಪಾಟಿನಿಂದ ತೆಗೆದಳು. "ಉಳಿದಿರೋದು ಇದೊಂದೇ. ನೀನು ಮುಟ್ಬೇಡ, ನಾನೇ ಬಿಡಿಸ್ತೀನಿ." ಬಗ್ಗಿ ನೋಡಿ, "ಇಲ್ಲೂ ತುಕ್ಕು," ಎನ್ನುತ್ತ ಸೂಜಿ ಎತ್ತಿದಳು.

ತಂಗಿ ಅವಳ ಮಣಿಕಟ್ಟು ಹಿಡಿದುಕೊಂಡಳು. "ಅದು ತುಕ್ಕಲ್ಲ ಅಕ್ಕ."

"ಮತ್ತೇನು?"

ತಂಗಿ ಹಿಡಿದ ಕೈ ಬಿಡಲಿಲ್ಲ. "ಅದೇ ಬಾಯಿ. ನಿನ್ನೆ ನೀನು ತೆಗೆದದ್ದೂ ಅದೇ."

ಅಕ್ಕ ಸೂಜಿಯನ್ನು ಮೆಲ್ಲಗೆ ಕೆಳಗಿಟ್ಟಳು.

"ಹೀಗೆ ಎಷ್ಟು ಹಾಳು ಮಾಡಿದ್ದೀನಿ?"

"ಇದೊಂದೇ ಅಕ್ಕ. ನಿನ್ನಾಣೆ."

ಅದು ನಿಜವೇ ಆಗಿತ್ತು. ಆದರೆ ಅಕ್ಕ ನಂಬಲಿಲ್ಲ. ಗೋಡೆಯುದ್ದಕ್ಕೂ ಇದ್ದ ಡ್ರಾಯರುಗಳನ್ನು ಒಂದೊಂದಾಗಿ ಎಳೆದು, ತಾನು ಬಿಡಿಸಿದ ಕಲ್ಲುಗಳನ್ನು ಮೂಗಿನ ತನಕ ತಂದು ತಂದು ನೋಡತೊಡಗಿದಳು.